ಪಕ್ಕದ ಸೀಟಿನ ಮಾತು

ನಮ್ಮ ಕಡೆ ಸುಮ್ಮನೆ ಕುಳಿತವನನ್ನು ಸುಮ್ಮನೆ ಬಿಡುವುದಿಲ್ಲ. ಹುಷಾರಿಲ್ಲವೇ ಎನ್ನುತ್ತಾರೆ, ಮನೆಯಲ್ಲಿ ಜಗಳವೇ ಎನ್ನುತ್ತಾರೆ. ಎರಡೂ ಅಲ್ಲವೆಂದರೆ ಸೊಕ್ಕು ಎಂದು ತೀರ್ಮಾನಿಸಿ ಎದ್ದುಹೋಗುತ್ತಾರೆ. ನನ್ನ ಮದುವೆ ನಿಶ್ಚಯವಾದಾಗ, ಹುಡುಗನಿಗೆ ಮಾತು ಬರುತ್ತದೆ ತಾನೇ ಎಂದು ಅತ್ತೆಯವರು ನನ್ನ ಅಮ್ಮನನ್ನು ಒಳಗೆ ಕರೆದು ವಿಚಾರಿಸಿದ್ದರಂತೆ. ಬರುತ್ತದೆ, ಆದರೆ ಬೇಕಾದಾಗ ಬರುವುದಿಲ್ಲ. ಬಂದ ಒಂದು ದಿನ ಬಾರದೇ ಇದ್ದಿದ್ದರೆ ಚೆನ್ನಾಗಿತ್ತು.

ನಾನು ಅಂಕೋಲೆಯಿಂದ ಕಾರವಾರದ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗುವವನು. ಕಾರವಾರದಲ್ಲೇ ಬೇರೊಂದು ಕಚೇರಿಯಲ್ಲಿದ್ದ ಬೊಮ್ಮಯ್ಯ ನಾಯಕರು ಅವರ್ಸಾದಲ್ಲಿ ಹತ್ತಿ ನನ್ನ ಪಕ್ಕ ಕುಳಿತುಕೊಳ್ಳುತ್ತಿದ್ದರು. ಗದ್ದೆಯ ನಾಟಿ, ತಂಗಿಯ ಮಂಡಿನೋವು, ಬಂಗಡೆ ಮೀನು ಸಿಗದ ವಾರದ ದುಃಖ, ಎಲ್ಲವೂ ನನ್ನ ಕಿವಿಗೇ. ಮೊಬೈಲು ಆಗಷ್ಟೇ ಬಂದಿತ್ತು. ಅವರ ಬಳಿಯೂ ಇತ್ತು, ಆದರೆ ಅದರಲ್ಲಿ ಮಾತಾಡಿದರೆ ದುಡ್ಡು ಹೋಗುತ್ತದೆಂದು ಮಾತನ್ನೆಲ್ಲ ನನಗಾಗಿ ಉಳಿಸಿಕೊಂಡು ಬರುತ್ತಿದ್ದರು. "ಹೌದಾ" ಎನ್ನುವುದಷ್ಟೇ ನನ್ನ ಪಾಲಿನ ಕೆಲಸ. ಆರು ವರ್ಷ ಹೀಗೆ ನಡೆಯಿತು. ಒಂದು ದಿನವಾದರೂ ಇವರು ಬಾಯಿ ಮುಚ್ಚಬಾರದೇ ಎಂದು ಕಿಟಕಿಯತ್ತ ತಿರುಗಿ ಹಾರೈಸಿದ್ದೂ ಉಂಟು.

ಹಾರೈಕೆ ಫಲಿಸಿತು. ನಾಯಕರ ಗಂಟಲಿಗೆ ಆಪರೇಷನ್ ಆಗಿ, ಒಂದು ತಿಂಗಳು ಮಾತಾಡಕೂಡದೆಂದು ಡಾಕ್ಟರು ಹೇಳಿದರು. ಭಾನುವಾರ ಮೋಸಂಬಿ ಹಿಡಿದು ಅವರ ಮನೆಗೆ ಹೋದೆ. ಅವರು ಮಂಚದ ಮೇಲೆ ಎದ್ದು ಕುಳಿತು ಮಗಳ ನೋಟುಬುಕ್ಕಿನಲ್ಲಿ, "ಬಸ್ಸಿನ ಸುದ್ದಿ ಎಂತಾರೂ ಹೇಳಿ ಮಾರಾಯ್ರೆ" ಎಂದು ಬರೆದು ತೋರಿಸಿ, ನನ್ನ ಬಾಯನ್ನೇ ಆಸೆಯಿಂದ ನೋಡುತ್ತಾ ಕುಳಿತರು. ಸುದ್ದಿ ಇಲ್ಲದಿರಲಿಲ್ಲ. ಹೊಸ ಕಂಡಕ್ಟರ್ ಬಂದಿದ್ದ, ಬಸ್ಸು ಎರಡು ಸಲ ಕೆಟ್ಟು ನಿಂತಿತ್ತು. ಒಂದೂ ನಾಲಿಗೆಗೆ ಬರಲಿಲ್ಲ. ಅವರ ಹೆಂಡತಿ ತಂದಿಟ್ಟ ಚಹಾ ಆರಿತು. ಜೀವನದಲ್ಲಿ ಮೊದಲ ಬಾರಿಗೆ ಮೌನ ನನಗೇ ಸಹಿಸಲಾಗದೆ, ಸಮಾಧಾನ ಹೇಳೋಣವೆಂದು ಬಾಯಿಬಿಟ್ಟೆ.

"ಮಾತಿಲ್ದೆ ಇದ್ರೆ ಎಷ್ಟು ಆರಾಮ ಅಲ್ಲಾ ನಾಯಕ್ರೆ? ನಂಗಂತೂ ಮೊದ್ಲಿಂದೂ ಹಿಂಗೇ ಬೇಕಾಗಿತ್ತು."

ಅವರು ನೋಟುಬುಕ್ಕನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಪೆನ್ನು ಎತ್ತಿ ಬರೆದರು: "ಮೊದ್ಲೇ ಹೇಳೂದಲ್ಲಾ ಮಾರಾಯ್ರೆ. ಇಷ್ಟು ವರ್ಷ ಸುಮ್ನೆ ತ್ರಾಸು ಕೊಟ್ಟೆ."

ಕೋಪವಿರಲಿಲ್ಲ; ಅದೇ ಈಗಲೂ ನನಗೆ ಸಂಕಟ. ಹಾಗಲ್ಲ ಎಂದು ಆಗಲೇ ಹೇಳಬೇಕಿತ್ತು. ನಾನು ಮೋಸಂಬಿಯ ಚೀಲವನ್ನು ಅವರತ್ತ ಸರಿಸಿದೆ.

ನಾಯಕರ ದನಿ ಮರಳಿ ಬಂದಿದೆ. ಅವರ್ಸಾದಲ್ಲಿ ಹತ್ತಿ, ನನ್ನತ್ತ ನಕ್ಕು, ಮುಂದಿನ ಸೀಟುಗಳ ಕಡೆ ಹೋಗಿ ಅಲ್ಲಿದ್ದವರೊಡನೆ ಮಾತಿಗಿಳಿಯುತ್ತಾರೆ. ಅವರ ಮಾತಿಗಾಗಿ ನಾನು ಕಿವಿ ನಿಮಿರಿಸಿಕೊಂಡು ಕೂರುತ್ತೇನೆ. ಬಸ್ಸಿನ ಸದ್ದಿನಲ್ಲಿ ಅರ್ಧವೂ ಕೇಳಿಸುವುದಿಲ್ಲ. ಈಚೆಗೆ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿ, "ಬನ್ನಿ ನಾಯಕ್ರೆ, ಇಲ್ಲೇ ಕುತ್ಕಳಿ" ಎಂಬ ಒಂದೇ ವಾಕ್ಯವನ್ನು ಅಂಕೋಲೆಯಿಂದ ಬಾಯಿಪಾಠ ಮಾಡಿಕೊಂಡು ಬರುತ್ತೇನೆ. ಅವರ್ಸಾ ಬರುತ್ತದೆ, ಅವರು ಹತ್ತುತ್ತಾರೆ, ನಗುತ್ತಾರೆ. ನಾನು ಕರವಸ್ತ್ರ ಎತ್ತಿ ಮೂಗು ಒರೆಸಿಕೊಳ್ಳುತ್ತೇನೆ.