ಒಂದು ಅಸಲಿ ಕಪಾಳಮೋಕ್ಷ

ಲಟಕ್ ಎಂದು ಕ್ಯಾರೆಟ್ ಮುರಿಯಿತು. ಪರದೆಯ ಮೇಲೆ ಖಳನಾಯಕನ ಮೊಣಕೈ ಮುರಿಯಿತು. ಬೆಳಗಿನಿಂದ ಇದು ಹದಿನೇಳನೆಯ ಕೈ. ಇಪ್ಪತ್ತೆರಡು ವರ್ಷಗಳಿಂದ ಸಿನಿಮಾಗಳಿಗೆ ಹೆಜ್ಜೆ, ಬಾಗಿಲು, ಪೆಟ್ಟುಗಳ ಸದ್ದು ಹೊಂದಿಸುತ್ತಿದ್ದವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಸದ್ದಪ್ಪ ಎಂದೇ ಕರೆಯುತ್ತಿದ್ದರು. ಉಳಿದರ್ಧ ಕ್ಯಾರೆಟ್ ತಿನ್ನುತ್ತಾ ಸದ್ದಪ್ಪ ಭೀಷಣ ಪ್ರತಿಜ್ಞೆ ಮಾಡಿದ: ನಾಯಕಿ ನಾಯಕನಿಗೆ ಮಾಡುವ ಕಪಾಳಮೋಕ್ಷವಾದರೂ ಈ ಚಿತ್ರದಲ್ಲಿ ಅಸಲಿಯಾಗಿರಬೇಕು!

ನಿರ್ದೇಶಕರು ನಕ್ಕರು. ಈಗಿನ ಜನಕ್ಕೆ ಕೆನ್ನೆಗೆ ಬಾರಿಸಿದರೆ ಗೋದಾಮು ಕುಸಿದಂತೆ ಕೇಳಿಸಬೇಕು, ನಾಯಕ ಸುಮ್ಮನೆ ಕೂತರೂ ಹಿಂದೆ ಡೋಲು ಬಡಿಯಬೇಕು ಎಂದರು. ಆದರೂ ಒಂದು ಷರತ್ತು ಹಾಕಿದರು. ಶುಕ್ರವಾರ ನೂರು ಜನರಿಗೆ ಚಿತ್ರ ತೋರಿಸಿ ಚೀಟಿಯಲ್ಲಿ ಅಭಿಪ್ರಾಯ ಬರೆಸುವುದಿತ್ತು. ಜನ ಒಪ್ಪಿದರೆ ಮುಂದಿನ ಮೂರು ಚಿತ್ರ ಸದ್ದಪ್ಪನಿಗೆ. ಇಲ್ಲವಾದರೆ ಕಂಪ್ಯೂಟರಿನ ಸಿದ್ಧ ಸದ್ದುಗಳಿಗೆ.

ಅಸಲಿ ಪೆಟ್ಟಿಗೆ ಮನೆಗಿಂತ ಒಳ್ಳೆಯ ಜಾಗ ಯಾವುದು? ಬಟ್ಟೆ ತುಂಬಿದ ಬೀರುವಿನಲ್ಲಿ ಮಾರ್ದನಿ ಏಳುವುದಿಲ್ಲವೆಂದು, ಸದ್ದಪ್ಪ ಮೈಕು ಹಿಡಿದು ಕೋಟುಗಳ ನಡುವೆ ಮುದುಡಿ ಕೂತು ಹೆಂಡತಿಗೆ ಕೆನ್ನೆ ಒಡ್ಡಿದ. ಅವಳು ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು; ಹದಿನೆಂಟು ವರ್ಷದಲ್ಲಿ ಅವನ ಮೈಮೇಲೆ ಕೂತ ಸೊಳ್ಳೆಗೂ ಹೊಡೆದವಳಲ್ಲ. ಮೊದಲ ಪೆಟ್ಟು ಕೆನ್ನೆ ಸವರಿತು. ಎರಡನೆಯದು ಧೂಳು ಒರೆಸಿತು.

"ಸ್ವಲ್ಪ ಸಿಟ್ಟು ತಂದ್ಕೋ ಕಣೇ."

"ಸುಮ್‌ಸುಮ್ನೆ ಹೇಗ್ರೀ ಬರುತ್ತೆ?"

ಕಲೆಗಾಗಿ ಸದ್ದಪ್ಪ ಸರ್ವಸ್ವವನ್ನೂ ಪಣಕ್ಕಿಟ್ಟ. ಅವಳ ತಂಗಿಯ ಮದುವೆಯ ದಿನ ತನಗೆ ಜ್ವರವೇ ಬಂದಿರಲಿಲ್ಲವೆಂದೂ, ಮಧ್ಯಾಹ್ನದ ಆಟದ ಸಿನಿಮಾಕ್ಕೆ ಹೋಗಿದ್ದೆನೆಂದೂ ಒಪ್ಪಿಕೊಂಡ.

ಆಗ ಬಿತ್ತು. ಮೂರು ಕೋಟು ಕಳಚಿ ತಲೆಯ ಮೇಲೆ ಬಿದ್ದವು. ಸದ್ದು ಕೇಳಿ ಓಡಿಬಂದ ಅತ್ತೆಗೆ ಕಂಡದ್ದು, ಶೂಗಳ ಮೇಲೆ ಕೂತು ಕೆನ್ನೆ ಹಿಡಿದುಕೊಂಡು ಪರಮಾನಂದದಿಂದ ನಗುತ್ತಿದ್ದ ಅಳಿಯ. ಅವರು ಮಗಳ ಕಡೆ ತಿರುಗಿ ಶಾಂತವಾಗಿ, "ಹೊಡಿಯೋದಾದ್ರೆ ಹೊರಗೆ ಕರ್ಕೊಂಡು ಬಂದು ಹೊಡಿಯೇ. ಇಸ್ತ್ರಿ ಹಾಳಾಗುತ್ತೆ" ಎಂದರು.

ಶುಕ್ರವಾರ ಸ್ಟುಡಿಯೋದಲ್ಲೇ ಪ್ರದರ್ಶನ ಮುಗಿಯಿತು. ಸದ್ದಪ್ಪ ಒಂದೊಂದೇ ಚೀಟಿ ಬಿಡಿಸುತ್ತಾ ಹೋದ. ಮುರಿದ ಹದಿನೇಳು ಕ್ಯಾರೆಟ್‌ಗಳಿಗೂ ಜನ ಮಾರುಹೋಗಿದ್ದರು. ಕೈ ಮುರಿದದ್ದು ಎಷ್ಟು ಸಹಜ ಎಂದು ಒಬ್ಬರು ಮೆಚ್ಚಿದ್ದರೆ, ಕಪಾಳಮೋಕ್ಷ ಮಾತ್ರ ಶುದ್ಧ ನಕಲಿ ಎಂದು ತೊಂಬತ್ತಕ್ಕೂ ಹೆಚ್ಚು ಮಂದಿ ಬರೆದಿದ್ದರು. ಕೊನೆಯ ಚೀಟಿಯಲ್ಲಿದ್ದದ್ದು ಹೆಂಡತಿಯ ದುಂಡು ಅಕ್ಷರ. "ಪೆಟ್ಟಿನಲ್ಲಿ ಜೀವವಿಲ್ಲ. ಹತ್ತಕ್ಕೆ ಎರಡು." ಅದನ್ನು ಹಿಡಿದುಕೊಂಡು ಹಜಾರಕ್ಕೆ ಓಡಿದ. ಹೆಂಡತಿ ನಿರ್ದೇಶಕರ ಜೊತೆ ಕಾಫಿ ಕುಡಿಯುತ್ತಾ ನಿಂತಿದ್ದಳು.

"ಇದು ನಿಂದೇ ಪೆಟ್ಟು ಕಣೇ!"

"ನಂದಾ?" ಅವಳು ಕಪ್ಪು ಕೆಳಗಿಟ್ಟಳು. "ಇಷ್ಟು ಸಪ್ಪೆಯಾ? ಹಾಗಾದ್ರೆ ಅವತ್ತು ನಾನು ಸರಿಯಾಗಿ ಹೊಡೆದೇ ಇಲ್ಲ. ಆ ಜ್ವರದ ವಿಷಯ ನೆನಪಾದ್ರೆ ಈಗ್ಲೂ ನನ್ ಕೈ..."

ಸೋಮವಾರದವರೆಗೆ ಸಮಯವಿದೆ, ಇನ್ನೊಂದು ಟೇಕ್ ಆಗಿಬಿಡಲಿ ಮೇಡಂ ಎಂದು ನಿರ್ದೇಶಕರು ಹುರಿದುಂಬಿಸುತ್ತಿದ್ದರು. ಅವಳು ತೋಳೇರಿಸುತ್ತಾ ಏನೋ ಹೇಳುತ್ತಲೇ ಇದ್ದಳು. ಸದ್ದಪ್ಪ ಕಂಪ್ಯೂಟರಿನ ಸಿದ್ಧ ಸದ್ದು ಕೊಡುವವರ ಕೋಣೆ ಹುಡುಕಿಕೊಂಡು, ತನ್ನ ಹೆಜ್ಜೆಯ ಸದ್ದೂ ಯಾರಿಗೂ ಕೇಳದಂತೆ, ಹೊರಟೇಬಿಟ್ಟ.