ಮೆದುಳು ಹುಡುಕುತ್ತಾ ದೇವನೂರಿನವರೆಗೆ

ಮನುಷ್ಯರ ಮೆದುಳು ಪಾಠವನ್ನೂ ದಾರಿಯನ್ನೂ ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ನನ್ನ ಸಂಶೋಧನೆ. ಪುಸ್ತಕದಲ್ಲಿ ಅದು ಗಂಭೀರವಾಗಿಯೇ ಇರುತ್ತದೆ. ಊರೊಳಗೆ ಕಾಲಿಟ್ಟರೆ ಮಾತ್ರ ಒಂದಲ್ಲ ಒಂದು ಎಡವಟ್ಟು ನನಗಾಗಿ ಕಾದು ಕೂತಿರುತ್ತದೆ. ನಮ್ಮ ಗೈಡ್‌ಗೆ ಇದರಲ್ಲಿ ತಮಾಷೆಯೇನೂ ಕಾಣಿಸಲಿಲ್ಲ. "ಈ ತಿಂಗಳು ನೆಟ್ಟಗೆ ಒಂದು ಪರೀಕ್ಷೆ ಮಾಡಮ್ಮ. ಇಲ್ಲದಿದ್ರೆ ಪಿಎಚ್‌ಡಿ ಮರೆತುಬಿಡು" ಎಂದರು. ನನಗೆ ನಿಜಕ್ಕೂ ಭಯವಾಯಿತು.

ಕಳಲೆ ದಾರಿ

ದಾರಿಯ ನೆನಪು ಪರೀಕ್ಷಿಸಲೆಂದು ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರನ್ನು, "ಕಳಲೆಗೆ ದಾರಿ ಹೇಗೆ, ಬಾಯಲ್ಲೇ ಹೇಳಿ" ಎಂದು ಕೇಳಿದೆ. ಅವರು ನನ್ನ ಸ್ಕೂಟರ್ ಹತ್ತಿ ಕುಳಿತೇಬಿಟ್ಟರು.

"ಬಾಯಲ್ಲೇಳುದ್ರೆ ತಿಳಿಯಕಿಲ್ಲ, ನಡೀರಿ ತೋರುಸ್ತೀನಿ."

"ನನಗೆ ದಾರಿ ಗೊತ್ತು ಸಾರ್!"

"ಇನ್ನೂ ಒಳ್ಳೇದಾಯ್ತು, ಬಿರ್ನೆ ಓಡ್ಸಿ."

ಅವರ ಮನೆ ಕಳಲೆಯಲ್ಲೇ ಇತ್ತು. ಮುದ್ದೆ, ಉಪ್ಸಾರು ಬಡಿಸಿ ಕಳಿಸುವಾಗ ಹೇಳಿದರು: "ಸೋಮವಾರ ತಾಂಡ್ಯದ ದಾರಿ ಕೇಳಿ ಕಣವ್ವ, ಅಲ್ಲಿ ನಂಗೆ ಸೊಲ್ಪ ಕೆಲ್ಸ ಐತೆ."

ಮೇಷ್ಟ್ರ ಪರೀಕ್ಷೆ

ತಿ. ನರಸೀಪುರದಲ್ಲಿ ನಿವೃತ್ತ ಮೇಷ್ಟ್ರಿಗೆ ಹತ್ತು ಪದ ಹೇಳಿ, ಅರ್ಧ ಗಂಟೆ ಬಿಟ್ಟು ಕೇಳಿದೆ. ಅಷ್ಟರಲ್ಲಿ ಬೀದಿಯವರೆಲ್ಲ ಕಿಟಕಿಗೆ ಮುತ್ತಿದ್ದರು. ಪಾಪ, ಮೇಷ್ಟ್ರು ಫೇಲಾಗಿಬಿಟ್ಟಾರೆಂದು ಎಲ್ಲರೂ ಪಿಸುಮಾತಿನಲ್ಲಿ ಹೇಳಿಕೊಡುವವರೇ.

"ಕಾಪಿ ಹೊಡೆಸ್ತೀರೇನ್ರೋ!" ಎಂದು ಮೇಷ್ಟ್ರು ಕೋಲು ಹಿಡಿದು ಅವರ ಹಿಂದೆ ಬಿದ್ದರು. ಬೀದಿಗೆಲ್ಲ ಹತ್ತೂ ಪದ ಬಂದವು. ಮೇಷ್ಟ್ರಿಗೆ ಒಂದೂ ಬರಲಿಲ್ಲ.

ಅಜ್ಜಿಯ ಐದು ಪದ

ಕೊನೆಗೆ ಗೈಡ್ ತಾವೇ ಜೊತೆಗೆ ಬಂದರು. ಇವತ್ತು ಕೆಟ್ಟರೆ ನನ್ನ ಕಥೆ ಮುಗಿಯಿತು. ದೇವನೂರಿನ ಅಜ್ಜಿಯೊಬ್ಬರಿಗೆ ಐದೇ ಪದ ಹೇಳಿದೆ: ಕೊಡೆ, ಬಾಳೆಹಣ್ಣು, ಚೊಂಬು, ಸೀಗೆಕಾಯಿ, ಆನೆ. "ಒಂದು ಗಂಟೆ ಬಿಟ್ಟು ಕೇಳ್ತೀವಿ, ಮರೀಬೇಡಿ" ಎಂದು ಊರು ಸುತ್ತಲು ಹೋದೆವು.

ವಾಪಸು ಬಂದರೆ ಜಗುಲಿಯ ಮೇಲೆ ಮೊರ. ಮೊರದಲ್ಲಿ ಕೊಡೆ, ಚೊಂಬು, ಸೀಗೆಕಾಯಿ, ಒಂದು ಚಿಪ್ಪು ಬಾಳೆಹಣ್ಣು.

"ತಕ್ಕೊಳ್ಳವ್ವ. ರಸಬಾಳೆನೇ ತರ್ಸಿವ್ನಿ."

ಗೈಡ್ ಮುಖ ಕೆಂಪಾಯಿತು. "ಅಜ್ಜಿ, ಬಾಯಲ್ಲಿ ಹೇಳಬೇಕಿತ್ತು. ಅಲ್ಲದೆ ಐದರಲ್ಲಿ ಒಂದು ಇಲ್ಲಿಲ್ಲ."

"ಗೊತ್ತು ಕಣಪ್ಪ. ಅದ್ಕೆ ನನ್ ಮಗ ಓಗವ್ನೆ."

ಅಷ್ಟರಲ್ಲಿ ಅಜ್ಜಿಯ ಫೋನ್ ಬಡಿದುಕೊಂಡಿತು. ಮಗನ ದನಿ ನಮಗೂ ಕೇಳಿಸಿತು: "ಅವ್ವಾ, ಮಾವುತ ಒಪ್ದ! ಆದ್ರೆ ಪರೀಕ್ಸೆ ಮುಗುದ್ಮೇಲೆ ಆನೆ ವಾಪಸ್ ಕೊಡ್ತಾರಾ ಅಂತ ಕೇಳ್ತಾವ್ನೆ!"

ಗೈಡ್ ಚಪ್ಪಲಿ ಹುಡುಕುತ್ತಾ ಎದ್ದರು.

"ಐದಕ್ಕೆ ಐದು ಬರ್ಕೊಳ್ಳಮ್ಮ! ನಿನ್ನ ಪಿಎಚ್‌ಡಿ ಆಯ್ತು ಅಂದ್ಕೋ. ಆನೆ ಬರೋದ್ರೊಳಗೆ ಹೊರಡೋಣ!"