ದೇವರ ಜಗಲಿಯ ಮೇಲಿನ ಸ್ಪಂಜು

ನಮ್ಮ ಕಾಕಾರಿಗೆ ಸ್ವಂತ ಮಗಳು ಯಾವ ಇಯತ್ತೆಯಲ್ಲಿ ಓದುತ್ತಾಳೆಂಬುದು ಕೊನೆತನಕ ಗೊತ್ತಾಗಲಿಲ್ಲ. ಸಮುದ್ರದ ಬಂಡೆಗೆ ಅಂಟಿದ ಸ್ಪಂಜಿನ ಮೈಯಲ್ಲಿ ಎಂಥೆಂಥ ಮುಳ್ಳಿವೆಯೆಂದು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾರು! ಸಾಂಗ್ಲಿಗೂ ಸಮುದ್ರಕ್ಕೂ ಏನು ಸಂಬಂಧ? ಅದನ್ನು ಅವರ ಮುಂದೆ ಕೇಳಬೇಡಿ. ಅರಿಸಿಣ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ನಾವೆಲ್ಲ ಅರಿಸಿಣ ಮುರಿದು ನೋಡುತ್ತ ಕೂತರೆ, ಇವರೊಬ್ಬರು ಸ್ಪಂಜು ಕೊಯ್ದು ನೋಡಿದರು.

ಸ್ಪಂಜು ಎಂದೊಡನೆ ನಿಮಗೆ ಪಾತ್ರೆ ತೊಳೆಯುವುದು ನೆನಪಾಯಿತು, ಹೌದಲ್ಲ? ಹಾಗೆ ಅಂದ ಬೀಗರೊಬ್ಬರು ಎರಡು ತಾಸು ಪಾಠ ಕೇಳಬೇಕಾಯಿತು.

"ಅದು ಜೀವಂತ ಪ್ರಾಣಿ ಐತ್ರಿ! ಮೈತುಂಬ ಸಣ್ಣ ಸಣ್ಣ ತೂತು, ಅದರಾಗಿಂದ ನೀರು ಒಳಗ. ನೆತ್ತಿಮ್ಯಾಲ ಒಂದ ದೊಡ್ಡ ತೂತು, ಅದರಾಗಿಂದ ಹೊರಗ. ನನ್ನ ಸುಣ್ಣದ ಸ್ಪಂಜಿಗಂತೂ ಎಲುಬಿನ ಬದಲಿ ಸುಣ್ಣದ ಮುಳ್ಳು. ಹೃದಯ ಇಲ್ಲ, ಹೊಟ್ಟಿ ಇಲ್ಲ, ಮಿದುಳಂತೂ ಇಲ್ಲೇ ಇಲ್ಲ!"

ಅಡಿಗೆಮನೆಯಿಂದ ಅವರ ಹೆಂಡತಿ, ನಮ್ಮ ಕಾಕು, ಅಂದಳು: "ಅದಕ್ಕ ನಿಮ್ಮ ಜೋಡಿ ಇಷ್ಟ ಛಲೋ ಹೊಂದೇತಿ!"

ಕಾಕಾರ ಕಣ್ಣಿಗೆ ನೆಂಟರೂ ಸ್ಪಂಜುಗಳೇ. ಸುಣ್ಣದ ಸ್ಪಂಜಿನ ಮೈಕಟ್ಟಿನಲ್ಲಿ ಮೂರು ನಮೂನೆಯಂತೆ: ಬರೀ ಕೊಳವೆ, ಗೋಡೆ ಮಡಚಿಕೊಂಡ ಕೊಳವೆ, ಮತ್ತೆ ಕೋಣೆಯೊಳಗೆ ಕೋಣೆ, ಸಂದಿಯೊಳಗೆ ಸಂದಿ ಇರುವ ಗೋಜಲು. ನನ್ನ ಮಾವನವರನ್ನು ಒಂದೇ ಸಲ ನೋಡಿ, "ಮೂರನೇ ನಮೂನಿ. ಒಳಗ ಹೋದದ್ದು ಯಾವ ಸಂದ್ಯಾಗಿಂದ ಹೊರಗ ಬರ್ತದೋ ಯಾರಿಗೂ ತಿಳಿಯಂಗಿಲ್ಲ" ಎಂದರು. ಎಷ್ಟು ಸರಿಯಾದ ಮಾತು! ಖುಷಿಯಿಂದ, "ಹಂಗಾರ ನಾನು?" ಎಂದು ಕೇಳಿದೆ. "ನೀನಾ? ಬರೇ ಕೊಳವಿ."

ಮುಳ್ಳುಗಳಲ್ಲೂ ಜಾತಿ ಇದೆ. ಒಂದು ಕವಲು, ಮೂರು ಕವಲು, ನಾಲ್ಕು ಕವಲು. ಮೂರು ಕವಲುಗಳ ನಡುವಿನ ಕೋನ ಸಮವಿದ್ದರೆ ಸಾಮಾನ್ಯವಾಗಿ ಒಂದು ಕುಲ, ಒಂದು ಕೋನ ಅಗಲವಾದರೆ ಇನ್ನೊಂದು. ಮಿರಜ ಸ್ಟೇಶನ್ನಿನ ಮುಂದೆ ಒಮ್ಮೆ ರಿಕ್ಷಾದ ಮೂರು ಗಾಲಿಗಳ ಕೋನ ನೋಡಲು ನೆಲಕ್ಕೆ ಬಗ್ಗಿಬಿಟ್ಟರು. "ಕಾಕಾ, ಬಸಣಾರ ಕೀ ಮೋಜಣಾರ?" ಎಂದ ರಿಕ್ಷಾದವನು. ಕೂಡ್ತೀರೋ, ಅಳೀತೀರೋ ಅಂತ!

ಊಟಕ್ಕೆ ಕರೆದವರ ಗತಿ ಇನ್ನೂ ಕಷ್ಟ. ಎಲೆಯ ತುದಿಯ ಲಿಂಬೆಹೋಳನ್ನು ಅವರ ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಸುಣ್ಣಗಲ್ಲಿನ ಫರಸಿಯ ಮೇಲೆ ಹಿಂಡಿ, "ನೋಡ್ರಿ, ನೊರಿ ಬಂತು! ಸುಣ್ಣಕ್ಕ ಹುಳಿ ಅಂದ್ರ ಯಮ. ನನ್ನ ಸ್ಪಂಜಿನ ಮುಳ್ಳೂ ಹಿಂಗ ಕರಗ್ತಾವ" ಎನ್ನುವರು. ಮನೆಯೊಡತಿಯರು ಆಮೇಲೆ ಕಲೆ ಉಜ್ಜುತ್ತ ಏನೇನು ಅಂದರೆಂಬುದನ್ನು ಇಲ್ಲಿ ಬರೆಯಲಾಗದು.

ಇಂಥ ಕಾಕಾರ ಹತ್ತಿರ ಒಂದು ಬಾಟಲಿಯಿತ್ತು. ಕಾಲೇಜಿನ ಹುಡುಗರನ್ನು ಕರಕೊಂಡು ಸಮುದ್ರದಂಡೆಯ ಮಾಲವಣಕ್ಕೆ ಹೋದಾಗ ಬಂಡೆಯಡಿ ಸಿಕ್ಕ, ಹೆಬ್ಬೆರಳಿನಷ್ಟು ಬಿಳೀ ಸ್ಪಂಜು. ಸಿಕ್ಕದ್ದು ಅದೊಂದೇ. ಅದರ ಮುಳ್ಳು ಯಾವ ಪುಸ್ತಕದ ಮುಳ್ಳಿಗೂ ಹೊಂದಲಿಲ್ಲ. ಎಷ್ಟೋ ವರ್ಷ ಪತ್ರ ಬರೆದ ಮೇಲೆ ಪುಣೆಯ ತಜ್ಞರೊಬ್ಬರು, "ಹೊಸ ಜಾತಿಯೇ ಇರಬಹುದು, ತಂದು ತೋರಿಸಿ" ಎಂದು ಉತ್ತರಿಸಿದರು. ಕಾಕಾ ಹೊಸ ಅಂಗಿ ಹೊಲಿಸಿದರು! ಬಾಟಲಿಗೆ ಹೊಸ ಸ್ಪಿರಿಟ್ಟು ತುಂಬಿ, ಮೊಮ್ಮಕ್ಕಳ ಕೈಗೆ ಸಿಗಬಾರದೆಂದು ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಹಿಂದೆ ಇಟ್ಟರು. ಯಾರಿಗೂ ಹೇಳಲಿಲ್ಲ. ಬುದ್ಧಿವಂತರಲ್ಲವೇ!

ಹೊರಡುವ ದಿನ ಮಿರಜ ಸ್ಟೇಶನ್ನಿಗೆ ಬಿಡಲು ನಾನು ಸ್ಕೂಟರ್ ತಂದೆ. ಕಾಕಾ ಬಾಟಲಿ ಎತ್ತಿಕೊಂಡರು. ಒಳಗಿನ ನೀರು ಮಬ್ಬಾಗಿತ್ತು.

ಕಾಕು ಹೆಮ್ಮೆಯಿಂದ ಬಂದಳು. "ನಾಲ್ಕ ದಿನದ ಹಿಂದ ಜಗಲಿ ಒರಸುವಾಗ ಮುಚ್ಚಳ ಸಡಲಾತ್ರಿ. ಏನ್ ವಾಸನಿ! ಲಿಂಗಪೂಜಿ ಮಾಡೋ ಜಾಗಾದಾಗ ಸೆರೆ? ಚೆಲ್ಲಿಬಿಟ್ಟೆ. ಆದರ ನಿಮ್ಮ ಸ್ಪಂಜು ಕೆಡಬಾರದಲ್ರಿ? ಲಿಂಬಿ ಹಿಂಡಿ, ಉಪ್ಪು ಹಾಕಿ, ಉಪ್ಪಿನಕಾಯಿ ಹಂಗ ಇಟ್ಟೇನಿ. ವರ್ಷ ಹೋದ್ರೂ ಏನೂ ಆಗಂಗಿಲ್ಲ!"

ನನಗೆ ನಗು ಬಂತು. ಕಾಕಾರ ಮುಖ ನೋಡಿದೆ, ನಗು ಅಲ್ಲೇ ನಿಂತಿತು.

ಅವರು ಒಂದು ಚೂರು ಕೊಯ್ದು, ಹಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ನಾನೂ ಇಣುಕಿದೆ. ಅಂಬಲಿಯಂಥ ಮಬ್ಬು, ಅಷ್ಟೇ. ಮುಳ್ಳು ಒಂದೂ ಇರಲಿಲ್ಲ.

"ಏನಾತ್ರಿ?" ಕಾಕುವಿನ ದನಿ ಸಣ್ಣದಾಗಿತ್ತು. "ಕೆಟ್ಟಿತೇನು?"

ನಾನು ಬಾಯಿ ತೆರೆದೆ. ಕಾಕಾರ ಕೈ ನನ್ನ ಹೆಗಲನ್ನು ಗಟ್ಟಿಯಾಗಿ ಒತ್ತಿತು.

"ಇಲ್ಲ. ಇದು ಎಲ್ಲಾ ಕಡೆ ಸಿಗೋ ಜಾತಿ. ನಾನ ತಪ್ಪು ತಿಳಿದಿದ್ದೆ. ಪುಣೆಗೆ ಹೋಗೋದ ಬ್ಯಾಡ."

"ಹಂಗಾರ ಕೆಟ್ಟಿಲ್ಲಲ್ರಿ?"

"ನೀ ಇಟ್ಟದ್ದು ಯಾವಾಗ ಕೆಟ್ಟೈತಿ?"

ರಿಕ್ಷಾದ ಗಾಲಿಯನ್ನೂ ತಪ್ಪು ಕುಲಕ್ಕೆ ಸೇರಿಸದ ಮನುಷ್ಯ! ಹೊಸ ಅಂಗಿಯಲ್ಲೇ ಊಟಕ್ಕೆ ಕೂತರು. ಕಾಕು ಲಿಂಬೆ ಉಪ್ಪಿನಕಾಯಿ ಬಡಿಸಿದಳು. ಕಾಕಾ ಎರಡು ಸಲ ಕೇಳಿ ಹಾಕಿಸಿಕೊಂಡರು.